ಪಾಚಿ ಕೆರೆಯ ರಕ್ಕಸಿ

ಅರಸ ವೀರಕೇತು ಡಂಗುರ ಹೊಡೆಸಿದ: ಕೋಟೆಯ ಕೊಚ್ಚೆ ಸೇರುವ ಕೆರೆಯ ರಕ್ಕಸಿ ಚರಂಡಿಗೆ ಅಡ್ಡ ಮಲಗಿದ್ದಾಳೆ, ಅವಳ ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿ ಮತ್ತು ಅರ್ಧ ರಾಜ್ಯ, ತಪ್ಪಿದವನು ಅವಳ ಊಟ. ಕೊಚ್ಚೆ ಕೇರಿಗಳಿಗೆ ನುಗ್ಗಿದಾಗ ಹೊರಡದ ಡಂಗುರ, ಅರಮನೆಯ ಅಂಗಳಕ್ಕೆ ಬಂದಾಗ ಹೊರಟಿತ್ತು.

ರಕ್ಕಸಿಯ ಸಿಟ್ಟಿಗೆ ಕಾರಣವಿತ್ತು. ಹಸಿರು ನೀರು ಕಣ್ಣಿಗೆ ಅಸಹ್ಯವೆಂದು ಅರಸ ಕೆರೆಗೆ ಸುಣ್ಣ ಸುರಿಸಿ ಪಾಚಿ ಕೊಲ್ಲಿಸಿದ್ದ. ಅಂದಿನಿಂದ ಕೆರೆ ಕೊಳೆಯತೊಡಗಿತ್ತು.

ಮೊದಲ ಒಗಟು: "ನೀವು ಬಿಟ್ಟದ್ದನ್ನು ತಿನ್ನುತ್ತಾರೆ, ಕಣ್ಣಿಗೆ ಕಾಣುವುದಿಲ್ಲ, ಉಣ್ಣುತ್ತಲೇ ಉಸಿರುಗಟ್ಟಿ ಸಾಯುತ್ತಾರೆ. ಯಾರು?"

ಒಬ್ಬ ರಾಜಕುಮಾರ ಬಡವರು ಎಂದ. ರಕ್ಕಸಿ ನಕ್ಕಳು, ಆಮೇಲೆ ತಿಂದಳು. ಪಂಡಿತನೊಬ್ಬ ಪಿತೃಗಳು ಎಂದು ಶ್ಲೋಕ ಶುರು ಮಾಡಿದ. ಅದು ಮುಗಿಯುವ ತನಕ ಅವಳು ಕಾಯಲಿಲ್ಲ.

ವರರು ಬರುವುದು ನಿಂತಿತು. ಆ ಕೆರೆಯಲ್ಲಿ ಹಿಂದೆ ಮೀನು ಕದ್ದನೆಂದು ಸೆರೆಯಲ್ಲಿದ್ದ ದುಗ್ಗನನ್ನು ರಕ್ಕಸಿಯ ಮುಂದೆ ಎಳೆತಂದರು. ಕದ್ದದ್ದು ಸಾಬೀತಾದರೆ ನೇಣು. ಕದ್ದೇ ಇಲ್ಲವೆಂದು ಅವನು ಅಲ್ಲಿಯವರೆಗೂ ವಾದಿಸಿದ್ದ.

"ಕೊಚ್ಚೆ ತಿನ್ನೋ ಸಣ್ಣ ಜೀವಿಗಳು, ಅವ್ವಾ," ಎಂದ. ಮಡಕೆಯ ಕೊಚ್ಚೆಯನ್ನು ಕಲಕುತ್ತಿದ್ದರೆ ನಾತ ಇಳಿಯುತ್ತದೆ, ಮುಚ್ಚಿಟ್ಟರೆ ಏರುತ್ತದೆ. ಅವಕ್ಕೂ ಗಾಳಿ ಬೇಕು ಎಂದು ವಿವರಿಸಿದ.

ರಕ್ಕಸಿ ಎರಡನೆಯ ಒಗಟು ಹಾಕಿದಳು: "ಮೂಗಿಲ್ಲದವಳು ಹಗಲು ಉಸಿರು ಹಂಚುತ್ತಾಳೆ, ರಾತ್ರಿ ಕಿತ್ತುಕೊಳ್ಳುತ್ತಾಳೆ. ಯಾರೋ?"

ದುಗ್ಗನಿಗೆ ಗೊತ್ತಿತ್ತು. ಹೇಗೆ ಗೊತ್ತು ಎಂದರೆ ಏನು ಹೇಳುವುದು? ಅರಸ ಸಭೆಯೊಂದಿಗೆ ಎದುರಲ್ಲೇ ಕೂತಿದ್ದ. ರಕ್ಕಸಿ ನುಂಗಲು ಬಾಯಿ ತೆರೆದಳು.

"ಪಾಚಿ," ಎಂದ. "ಬೆಳಗಿನ ಜಾವ ಮೀನು ಉಸಿರಿಗಾಗಿ ಮೇಲೆ ಬಂದು ಬಾಯಿ ಬಿಡ್ತವೆ. ನಾನು ಕದೀತಿದ್ದದ್ದು ಆಗಲೇ. ಬಿಸಿಲೇರಿದ ಮೇಲೆ ಒಂದೂ ಸಿಗೋದಿಲ್ಲ. ಕೊಚ್ಚೆ ತಿನ್ನೋ ಜೀವಿಗಳಿಗೂ ಪಾಚಿಯದೇ ಗಾಳಿ."

ಅರಸ ಮಂತ್ರಿಯ ಕಡೆ ನೋಡಿದ. ಮಂತ್ರಿ ಹಗ್ಗ ತರಲು ಆಳು ಕಳಿಸಿದ.

ರಕ್ಕಸಿಯ ಮೂರನೆಯ ಒಗಟು: "ಕೆಲಸ ಮುಗಿದ ಮೇಲೆ ಹೊರಗೆ ಹಾಕದಿದ್ದರೆ ಮನೆಯನ್ನೇ ಕೊಳೆಸುವ ಆಳು ಯಾರು?"

ಸಭೆಯಲ್ಲಿ ಹಲವರು ತಲೆ ತಗ್ಗಿಸಿದರು.

"ಅದೂ ಪಾಚಿಯೇ. ಕೊಚ್ಚೆಯ ಸಾರ ಹೀರಿ ಬೆಳೆಯುತ್ತೆ. ಬೆಳೆದಷ್ಟನ್ನು ಎತ್ತಿ ಹೊಲಕ್ಕೆ ಹಾಕಬೇಕು. ಬಿಟ್ಟರೆ ಅಲ್ಲೇ ಸತ್ತು, ಹೀರಿದ್ದನ್ನೆಲ್ಲ ಕಕ್ಕುತ್ತೆ."

ರಕ್ಕಸಿ ಎದ್ದಳು, ಚರಂಡಿ ಹರಿಯಿತು. ಹರಿದ ಕೂಡಲೇ ಅರಸ, ಕಳ್ಳ ಒಪ್ಪಿಕೊಂಡಾಯಿತಲ್ಲ, ಗಲ್ಲಿಗೆ ಹಾಕಿ ಎಂದ. ರಕ್ಕಸಿ ಮತ್ತೆ ಅಡ್ಡ ಮಲಗಿದಳು. ಕೊಚ್ಚೆ ಸಿಂಹಾಸನದ ಮೆಟ್ಟಿಲು ಮುಟ್ಟಿದಾಗ ಅರಸನಿಗೆ ಕರುಣೆ ಹುಟ್ಟಿತು.

ಮದುವೆ ಬೇಡವೆಂದು ರಾಜಕುಮಾರಿಯೂ ದುಗ್ಗನೂ ಒಟ್ಟಿಗೇ ಹೇಳಿದರು. ಅರ್ಧ ರಾಜ್ಯವೇನೋ ಸಿಕ್ಕಿತು, ಚರಂಡಿಯ ಕೆಳಗಿನ ಅರ್ಧ. ಅವನು ಅಲ್ಲಿ ಪಾಚಿ ಬೆಳೆಸಿದ, ಎತ್ತಿದ, ಗೊಬ್ಬರ ಮಾಡಿ ಭತ್ತ ಬೆಳೆದ. ಈಗ ಕೆರೆಯೂ ಅವನದು, ಮೀನು ಕದ್ದವರನ್ನು ಗಲ್ಲಿಗೇರಿಸುವ ಅಧಿಕಾರವೂ ಅವನದು. ಅದನ್ನವನು ಬಳಸಿಲ್ಲ, ಇಲ್ಲಿಯವರೆಗೆ.