ಫಕೀರವ್ವನ ಹೊಲದ ಗುಂಡಿ

ಕಾಲಡಿಗೆ ಮಣ್ಣು ಹಾಸಿಕೊಟ್ಟ ಶಿವನಿಗೆ ಕೈ ಮುಗಿದು, ಒಬ್ಬ ಸಿಟ್ಟಿನ ಶಿಷ್ಯನ ಮಾತು ಹೇಳುತ್ತೇನೆ.

ನದಿಯ ದಂಡೆಗೆ ಒಂದು ಆಶ್ರಮ. ಕಾಲೇಜಿನಲ್ಲಿ ಮಣ್ಣು, ನೀರು, ಕಾಡಿನ ವಿದ್ಯೆ ಓದುವ ಮಕ್ಕಳು ಅಲ್ಲಿ ಉಂಡು, ಅಲ್ಲೇ ಮಲಗಿ, ಹಗಲು ಕಾಲೇಜಿಗೆ ಹೋಗಿ ಬರುತ್ತಿದ್ದರು. ಅಲ್ಲಿನ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಕಾವಿ ಉಡುವ ಮೊದಲು ಅವರೂ ಇದೇ ವಿದ್ಯೆ ಕಲಿಸುವ ಮಾಸ್ತರರಾಗಿದ್ದವರು.

ಸಂಜೆ ಪೂಜೆ ಮುಗಿಸಿ, ಮಕ್ಕಳಿಗೆ ತಿಳಿಯದ ಪಾಠ ತಿಳಿಸುವುದು. ಓದು ಮುಗಿಸಿದವರಿಗೆ ಒಂದು ನೆಲೆ ಕಾಣಿಸುವುದು. ಅವರ ತಪಸ್ಸು ಅಷ್ಟೇ.

ನೆಲೆ ಕಾಣಿಸುವುದಕ್ಕೂ ಅಲ್ಲೊಂದು ರೂಢಿ ಇತ್ತು. ಕೆಲಸಕ್ಕೆ ಜನ ಬೇಕಾದವರು ಆಶ್ರಮಕ್ಕೇ ಬರುವರು. ಅಜ್ಜಾರು ಯಾರನ್ನೂ ಹೊಗಳುವವರಲ್ಲ. ಸುಮ್ಮನೆ ಎದ್ದು ಹೋಗಿ ಒಬ್ಬರ ಹೆಗಲ ಮೇಲೆ ಕೈ ಇಡುವರು. ಬಂದವರು ಎರಡು ಮಾತಾಡದೆ ಅವರನ್ನು ಕರೆದುಕೊಂಡು ಹೋಗುವರು.

ಆ ಸಲ ಬಂದವರು ಜಲಾನಯನ ಸಂಸ್ಥೆಯ ಹೊಸಮನಿ ಸಾಹೇಬರು. ಜಿಲ್ಲೆಯ ಹೊಲಹೊಲ ತಿರುಗಿ ಮಣ್ಣು ನೋಡಬೇಕು, ಎಲ್ಲಿ ಒಡ್ಡು ಹಾಕಬೇಕು, ಎಲ್ಲಿ ಗಿಡ ಹಚ್ಚಬೇಕು ಎಂದು ಹೇಳಬೇಕು, ಅಂಥ ಕೆಲಸ. ಬೇಕಾದವರು ಒಬ್ಬರೇ.

ಆ ವರ್ಷ ಓದು ಮುಗಿಸಿದ್ದ ಚನಮಲ್ಲ ಅಂಗಿ ತಿದ್ದಿಕೊಂಡು ಮುಂದಿನ ಸಾಲಿನಲ್ಲಿ ಕೂತ.

ಮಣ್ಣಿನ ವಿಷಯದಲ್ಲಿ ತನ್ನ ಸಮ ಯಾರೂ ಇಲ್ಲವೆಂದು ಅವನಿಗೂ ಗೊತ್ತಿತ್ತು, ಉಳಿದವರಿಗೂ ಗೊತ್ತಿತ್ತು. ಯಾರಾದರೂ ಗುಂಡಿ ತೋಡಿಕೊಟ್ಟರೆ ಸಾಕು, ಒಳಗಿಳಿದು ಅದರ ಗೋಡೆಯ ಪದರಗಳ ಮೇಲೆ ಬೆರಳಾಡಿಸಿ, ಈ ಮಣ್ಣು ಎಲ್ಲಿಂದ ಬಂತು, ಎಷ್ಟು ನೀರು ಹಿಡಿಯುತ್ತದೆ, ಏನು ಬೆಳೆಯುತ್ತದೆ ಎಂದು ಅಂಗೈ ನೋಡಿ ಹೇಳಿದ ಹಾಗೆ ಹೇಳುತ್ತಿದ್ದ. ಹೇಳಿ ಮೇಲೆ ಹತ್ತಿ, ಕೈ ಝಾಡಿಸಿಕೊಂಡು ಹೊರಟುಬಿಡುತ್ತಿದ್ದ.

ಈ ಕೆಲಸ ತನ್ನದೇ ಎಂದು ಊರಿಗೆ ಫೋನು ಮಾಡಿಯೂ ಆಗಿತ್ತು. ಅವನ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿಬಿಟ್ಟಿದ್ದಳು.

ಅಜ್ಜಾರು ಎದ್ದರು. ಮುಂದಿನ ಸಾಲು ದಾಟಿದರು. ಹಿಂದೆ, ಕಂಬಕ್ಕೆ ಒರಗಿ ಕೂತಿದ್ದ, ಅವನ ಜೊತೆಗೇ ಓದಿದ ದಾನೇಶ್ವರಿಯ ಹೆಗಲ ಮೇಲೆ ಕೈ ಇಟ್ಟರು.

ಚನಮಲ್ಲನ ಕಿವಿ ಕಾದು ಕೆಂಡವಾಯಿತು.

ಹೊಸಮನಿ ಸಾಹೇಬರು ಸಂಜೆಯ ಚಹಾಕ್ಕೆ ಎದ್ದು ಹೋದರೋ ಇಲ್ಲವೋ, ಅವನು ಅಜ್ಜಾರ ಮುಂದೆ ಬಂದು ನಿಂತ.

"ಇದೇನ್ರಿ ಅಜ್ಜಾರ ಇದು?"

"ಯಾವುದಪಾ?"

"ಆಕಿಗೆ ಕರೀ ಎರಿ ಯಾವುದು, ಕೆಂಪು ಮಸಾರಿ ಯಾವುದು ತಿಳಿಯಾಕ ಅರ್ಧ ದಿನಾ ಬೇಕ್ರಿ. ಬಾಯಾಗ ತುತ್ತು ಇಟ್ಟಂಗ ಹೇಳಿಕೊಟ್ಟು ನಾನ ಪಾಸ್ ಮಾಡಿಸೀನಿ ಆಕಿನ್ನ."

"ಹೌದು. ಚೊಲೋ ಕೆಲಸ ಮಾಡಿದಿ."

"ಮತ್ತ ಕೈ ಆಕಿ ಮ್ಯಾಲ ಯಾಕ ಇಟ್ರಿ? ನಾ ಏನು ತಪ್ಪು ಮಾಡೀನಿ, ಅದನ್ನರ ಹೇಳ್ರಿ!"

ಅಜ್ಜಾರು ಅವನ ಮುಖ ನೋಡಿದರು. ಅವರಿಗೆ ಸಿಟ್ಟು ಬಂದಿರಲಿಲ್ಲ.

"ಫಕೀರವ್ವನ ಹೊಲದಾಗ ನೀವು ತೋಡಿದ ಗುಂಡಿ ಹಂಗ ಬಾಯಿ ತಕ್ಕೊಂಡು ಬಿದ್ದೈತಿ. ಮುಚ್ಚಿ ಬಾ."

"ನಾ ಕೇಳೂದೇನು, ನೀವು ಹೇಳೂದೇನು!"

"ನೀ ಕೇಳಿದ್ದಕ್ಕ ಹೇಳೀನಿ."

ಚನಮಲ್ಲ ಗೋಡೆಗೆ ಆನಿಸಿದ್ದ ಸಲಿಕೆ ಎಳೆದುಕೊಂಡು ಹೊರಟ. ಬಾಗಿಲಲ್ಲಿ ದಾನೇಶ್ವರಿ ಬಟ್ಟೆಯ ಚೀಲ ಹಿಡಿದು ನಿಂತಿದ್ದಳು. ಸಾಹೇಬರ ಜೀಪು ಹೊರಡುವುದಕ್ಕೆ ಇನ್ನೂ ಹೊತ್ತಿತ್ತು.

"ಅಣ್ಣಾ, ನಾನೂ ಬರ್ಲಾ? ಇಬ್ಬರಾದ್ರ ಲಗೂ ಮುಗಿತೈತಿ."

"ಬ್ಯಾಡವಾ ಸಾಹೇಬತಿ. ಕೈ ಹೊಲಸಾದೀತು."

"ಯಾವಾಗಲೂ ಗುಂಡಿ ಮುಚ್ಚಾಕಿ ನಾನಲ್ಲೇನು, ಅದಕ್ಕ ಕೇಳಿದೆ."

ಆ ಮಾತು ಅವನ ಕಿವಿಗೆ ಬಿತ್ತು. ಒಳಗೆ ಇಳಿಯಲಿಲ್ಲ.

ಫಕೀರವ್ವನ ಹೊಲ ಆಶ್ರಮದ ಬೇಲಿಗೆ ಹತ್ತಿಕೊಂಡೇ ಇತ್ತು. ಮಕ್ಕಳು ತೋಡಿ ಕಲಿಯಲಿ ಎಂದು ಅಜ್ಜಾರು ಕೇಳಿದ್ದಕ್ಕೆ ಅವಳು ಒಂದು ಮೂಲೆ ಬಿಟ್ಟುಕೊಟ್ಟಿದ್ದಳು. ಗುಂಡಿ ಎದೆಮಟ್ಟ ಇತ್ತು. ಮೇಲಿನ ಕಪ್ಪು ಎರೆಮಣ್ಣು ಈಚೆ ಒಂದು ಗುಡ್ಡೆ, ತಳದ ಬೆಳ್ಳನೆಯ ಹರಳುಗಲ್ಲಿನ ಗರಸು ಆಚೆ ಒಂದು ಗುಡ್ಡೆ. ತೋಡುವಾಗ ದಾನೇಶ್ವರಿ ಹಾಗೆ ಬೇರೆ ಬೇರೆ ಒಟ್ಟಿಸಿದ್ದಳು.

ಈ ವಿದ್ಯೆಗೆ ಬಂದವರಿಗೆ ಮೊದಲ ದಿನವೇ ಹೇಳುವ ಮಾತಿದು. ತಳದ್ದು ತಳಕ್ಕೆ ಹೋಗಬೇಕು, ಮೇಲಿನದು ಮೇಲೆ ಬರಬೇಕು. ಕಾಳು ಮೊಳೆಯುವುದು ಮೇಲಿನ ಎರೆಯಲ್ಲಿ. ಗರಸಿನಲ್ಲಿ ಏನೂ ಏಳುವುದಿಲ್ಲ.

ಚನಮಲ್ಲನ ಕಾಲಿಗೆ ಹತ್ತಿರವಿದ್ದದ್ದು ಎರೆಯ ಗುಡ್ಡೆ. ಅದಕ್ಕೇ ಸಲಿಕೆ ಹಾಕಿದ.

"ಕೈ ಇಡ್ತಾರಂತ, ಕೈ!" ಎಂದು ಒಂದು ಸಲಿಕೆ ಸುರಿದ. "ಕಲಿಸಾಕ ನಾ ಬೇಕು, ಕಳಸಾಕ ಆಕಿ ಬೇಕು!" ಎಂದು ಇನ್ನೊಂದು. ಅವ್ವನಿಗೆ ಏನು ಹೇಳಲಿ ಎನ್ನುವುದು ನೆನಪಾಯಿತು. ಸಲಿಕೆ ಇನ್ನೂ ಜೋರಾಯಿತು.

ಎರೆಯೆಲ್ಲ ಗುಂಡಿಯ ತಳ ಸೇರಿತು. ಗರಸು ಅದರ ಮೇಲೆ ಬಿತ್ತು. ಕಾಲಿನಿಂದ ತುಳಿದು ತುಳಿದು ಸಮ ಮಾಡಿದ.

ತುಳಿದ ಮೇಲೆ ನೋಡಿದ. ಕರಿಯ ಹೊಲದ ನಡುವೆ ಅಷ್ಟು ಜಾಗ ತೊನ್ನು ಹತ್ತಿದ ಹಾಗೆ ಬೆಳ್ಳಗೆ ಕಾಣುತ್ತಿತ್ತು. ಏನಾಯಿತೆಂದು ಅವನಿಗೆ ಆ ಕ್ಷಣಕ್ಕೇ ತಿಳಿಯಿತು. ಅವನಿಗಲ್ಲದೆ ಇನ್ನಾರಿಗೆ ತಿಳಿಯಬೇಕು?

"ಮುಚ್ಚು ಅಂದ್ರು. ಮುಚ್ಚೀನಿ," ಎಂದು ಸಲಿಕೆ ಹೆಗಲಿಗೇರಿಸಿ ಬಂದುಬಿಟ್ಟ.

ಮರುದಿನ ಬೆಳಗಿನ ಪೂಜೆಯಲ್ಲಿ ಅಜ್ಜಾರು ಮಂಗಳಾರತಿ ಎತ್ತಿದ್ದರು. ಹೊರಗಿನಿಂದ ಕೂಗು ಕೇಳಿತು.

"ಅಜ್ಜಾರ! ಹೊರಗ ಬರ್ರಿ! ಪೂಜಿ ಆಮ್ಯಾಲ ಮಾಡೀರಂತ!"

ಫಕೀರವ್ವ ಅಂಗಳದಲ್ಲಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ಅಜ್ಜಾರು ಆರತಿ ಇಳಿಸಿ ಹೊರಗೆ ಬಂದರು. ಮಕ್ಕಳೆಲ್ಲ ಹಿಂದೆ ಬಂದರು. ಚನಮಲ್ಲ ಕಂಬದ ಮರೆಗೆ ನಿಂತ.

"ಗುಂಡಿ ತೋಡಾಕ ಜಾಗಾ ಕೇಳಿದ್ರಿ, ಕೊಟ್ಟೆ. ನೀವು ಕೇಳಿದ್ರಿ ಅಂತ ಕೊಟ್ಟೆ. ಗರಸು ಎತ್ತಿ ನೆತ್ತಿ ಮ್ಯಾಲ ಹಾಕ್ತೀವಿ ಅಂತ ಹೇಳಿದ್ರ್ಯಾ? ನನ್ನ ಹೊಲ ಏನು ನಿಮ್ಮ ಹುಡುಗ್ರ ಪಾಟಿ ಏನ್ರಿ, ಬರದು ಒರಸಾಕ? ಯಾರ್ರಿ ಅದನ್ನ ಮಾಡಿದಾಂವ? ಮುಂದ ಕರೀರಿ ಅವನ್ನ!"

ಅಜ್ಜಾರು ಹಿಂದೆ ತಿರುಗಿ ನೋಡಲಿಲ್ಲ.

"ನಾನ ಮಾಡೀನಿ ಯವ್ವಾ," ಎಂದರು. ಬಾಗಿದರು. ಫಕೀರವ್ವನ ಪಾದ ಮುಟ್ಟಿದರು.

ಅವಳು ಹಾವು ತುಳಿದವಳ ಹಾಗೆ ಹಿಂದೆ ಜಿಗಿದಳು.

"ಅಯ್ಯ ಶಿವನ! ಏನು ಮಾಡ್ತೀರಿ ನೀವು! ನನ್ನ ಪಾಪಕ್ಕ ಗುರಿ ಮಾಡ್ತೀರೇನು?" ಕೆನ್ನೆ ಕೆನ್ನೆ ಬಡಿದುಕೊಂಡಳು. ಆದರೂ ಅವಳ ಸಿಟ್ಟು ಇಳಿಯಲಿಲ್ಲ. "ನೀವು ಕಾಲಿಗೆ ಬಿದ್ರ ಎರಿ ಮ್ಯಾಲ ಏಳತೈತೇನ್ರಿ?"

"ಏಳೂದಿಲ್ಲವಾ."

ಕಂಬದ ಮರೆಯಲ್ಲಿ ಚನಮಲ್ಲನಿಗೆ ತಡೆಯಲಾಗಲಿಲ್ಲ. ನಿನ್ನೆಯ ಸಿಟ್ಟಿನ ಮೇಲೆ ಇನ್ನೊಂದು ಸಿಟ್ಟು ಏರಿ ಬಂತು.

"ಸುಳ್ಳು ಹೇಳಬ್ಯಾಡ್ರಿ ಅಜ್ಜಾರ!" ಎಂದು ಕೂಗಿದ. "ಅದನ್ನ ಮಾಡಿದಾಂವ ನಾನು!"

ಅಜ್ಜಾರು ಈಗ ತಿರುಗಿದರು. ಅವರ ಕಣ್ಣು ಹಾಗೆ ಉರಿದದ್ದನ್ನು ಆಶ್ರಮದಲ್ಲಿ ಯಾರೂ ಕಂಡಿರಲಿಲ್ಲ. ದೇವರು ಸಾಧುಗಳಿಗೂ ಸಿಟ್ಟು ಕೊಟ್ಟಿದ್ದಾನೆ. ಅವರು ಅದನ್ನು ಸುಮ್ಮಸುಮ್ಮನೆ ಖರ್ಚು ಮಾಡುವುದಿಲ್ಲ, ಅಷ್ಟೇ.

"ಯಾವುದೊ ಸುಳ್ಳು? ನಿನಗ ಕಲಿಸಿದಾಂವ ಯಾರು?"

"ನೀವ."

"ಈಕಿ ಹೊಲ ಕೊಟ್ಟಿದ್ದು ಯಾರ ಮಾತಿನ ಮ್ಯಾಲ?"

"ನಿಮ್ಮ ಮಾತಿನ ಮ್ಯಾಲ್ರಿ."

"ನಾ ಹೆಗಲ ಮ್ಯಾಲ ಕೈ ಇಟ್ರ ಕೆಲಸ ಸಿಗತೈತಿ, ಅಷ್ಟ ತಿಳಕೊಂಡಿ ನೀನು. ನಾಳೆ ಇವರು ಮಾಡಿದ್ದೆಲ್ಲ ನಂದು, ಅದಕ್ಕ ಬಂದ ಬೈಗಳಾನೂ ನಂದು ಅಂತ ಹೇಳಿ ಇಡೂ ಕೈ ಅದು. ನೀ ಗುಂಡಿ ಓದಾಂವ. ಓದಿ ಹೋಗಾಂವ. ಒಂದ ಗುಂಡಿನರ ಮುಚ್ಚಿದ್ದನ್ನ ನಾ ನೋಡಿಲ್ಲ."

"ನಿನ್ನೆ ಸಿಟ್ಟಿನಾಗ ಇದ್ದೆ ಅಜ್ಜಾರ..."

"ಸಿಟ್ಟು ಯಾರ ಮ್ಯಾಲ ಇತ್ತು?"

ಚನಮಲ್ಲ ತಲೆ ಬಗ್ಗಿಸಿದ.

"ನನ್ನ ಮ್ಯಾಲ ಇತ್ತು. ಹೌದಿಲ್ಲೊ? ಹಂಗಾರ ಆ ಸಲಿಕಿ ತಂದು ನನ್ನ ಬಡೀಬೇಕಿತ್ತು! ಮಣ್ಣು ನಿನಗೇನು ಮಾಡಿತ್ತು?"

ಅಜ್ಜಾರು ಒಂದು ಹೆಜ್ಜೆ ಅವನ ಹತ್ತಿರ ಬಂದರು.

"ಬಾಯಿ ಬಿಡು! ಒಂದು ಬೆರಳು ದಪ್ಪ ಮ್ಯಾಲಿನ ಮಣ್ಣು ಆಗಾಕ ಎಷ್ಟು ಕಾಲ ಬೇಕು?"

"ನೂರಾರು ವರ್ಷ ಬೇಕ್ರಿ."

"ಪರೀಕ್ಷಾದಾಗ ಬರದಿದ್ದಿ ಏನು ಇದನ್ನ?"

"ಬರದಿದ್ದೆರಿ."

"ಮಾರ್ಕ್ಸು?"

"ಪೂರ್ತಿ ಕೊಟ್ಟಿದ್ರು," ಎಂದ ಚನಮಲ್ಲ. ದನಿ ಅವನಿಗೇ ಕೇಳಿಸಲಿಲ್ಲ.

"ಅಷ್ಟು ವರ್ಷ ಕೂತು ಆ ಶಿವ ಮಾಡಿದ್ದನ್ನ ಒಂದು ಸಂಜಿಯೊಳಗ ತಳಕ್ಕ ಹಾಕಿ ಬಂದಿ. ನಡಿ. ಸಲಿಕಿ ತಗೊ."

ಚನಮಲ್ಲ ಮತ್ತೆ ಗುಂಡಿ ತೋಡಿದ. ತೋಡಿದರೇನು? ತುಳಿದ ಗರಸು ಎರೆಯೊಳಗೆ ಕೂತುಬಿಟ್ಟಿತ್ತು. ಸಲಿಕೆಗೆ ಬಂದದ್ದು ಕರಿಯದೂ ಅಲ್ಲ, ಬಿಳಿಯದೂ ಅಲ್ಲ. ಸಲಿಕೆ ಬಿಟ್ಟು ಮೊಣಕಾಲೂರಿ ಕೂತ. ಎರೆಯ ಹೆಂಟೆ ಒಡೆದು, ಅದರೊಳಗಿನ ಹರಳು ಒಂದೊಂದೇ ಆರಿಸಿ ಬುಟ್ಟಿಗೆ ಹಾಕತೊಡಗಿದ. ಉಗುರಿನ ಸಂದಿ ಬಿರಿದು ರಕ್ತ ಬಂತು. ಮಧ್ಯಾಹ್ನ ಯಾರೋ ಊಟಕ್ಕೆ ಕರೆದರು. ಅವನು ಏಳಲಿಲ್ಲ.

ಅಜ್ಜಾರು ಬದುವಿನ ಮೇಲೆ ಕೂತಿದ್ದರು. ಅವರೂ ಉಣ್ಣಲಿಲ್ಲ. ಸಹಾಯಕ್ಕೂ ಏಳಲಿಲ್ಲ.

ಹೊತ್ತು ಇಳಿಯುವ ಹೊತ್ತಿಗೆ ಗುಂಡಿ ತುಂಬಿತು. ಮೇಲಿನ ಮಣ್ಣು ಬೂದಿಯ ಬಣ್ಣಕ್ಕಿತ್ತು.

ಫಕೀರವ್ವ ಬಂದು ಒಂದು ಹಿಡಿ ಎತ್ತಿ, ಹಿಸುಕಿ, ಕೆಳಗೆ ಚೆಲ್ಲಿದಳು.

"ಇಷ್ಟೇನು?"

"ಇಷ್ಟ ಆಗೂದಬೇ," ಎಂದ ಚನಮಲ್ಲ.

"ಈ ಸಲ ಇಲ್ಲಿ ಜೋಳಾ ಮಣಕಾಲ ದಾಟತೈತೇನು?"

"ದಾಟೂದಿಲ್ಲ."

"ಬರೂ ವರ್ಷ?"

"ತಿಪ್ಪಿಗೊಬ್ಬರ ಹಾಕಬೇಕು. ಕೆರಿ ಹೂಳು ಹೊತ್ತು ತರಬೇಕು. ಬ್ಯಾಸಗ್ಯಾಗ ಸೊಪ್ಪು ಹಾಸಿ ಮುಚ್ಚಬೇಕು. ವರ್ಷಾ ವರ್ಷಾ ಒಂದೀಟು ಸುಧಾರಸ್ತೈತಿ."

"ಬಾಯಿಲೆ ಚೊಲೋ ಹೇಳ್ತಿ. ಹೊರಾಂವ ಯಾರು? ನಾನೇನು?"

ಫಕೀರವ್ವ ಬದುವಿನ ಕಡೆ ತಿರುಗಿದಳು.

"ಕೇಳ್ರಿ ಅಜ್ಜಾರ. ಈ ಮೂಲ್ಯಾಗಿನ ಜೋಳಾ ಉಳಿದ ಹೊಲದ ಜೋಳದಷ್ಟ ಎತ್ತರ ನಿಲ್ಲೂತನಕ ಇವ ಎಲ್ಲಿಗೂ ಹೋಗಾಂವಲ್ಲ. ಕಳಿಸಿದ್ರೆಂದ್ರ, ನಾ ನಿಮ್ಮ ಗುಡಿ ಹೊಸ್ತಿಲಾಗ ಬಂದು ಕೂಡ್ತೀನಿ. ಪೂಜಿ ಹೆಂಗ ಮಾಡ್ತೀರಿ ನೋಡ್ತೀನಿ!"

ಅಜ್ಜಾರು ಅವಳಿಗೆ ಕೈ ಮುಗಿದರು. "ಆಗಲಿ ಯವ್ವಾ. ನಿನ್ನ ಮಾತ ಮಾತು."

ಫಕೀರವ್ವ ಸೆರಗು ಬಿಚ್ಚಿ ಹೊದ್ದುಕೊಂಡು ಮನೆಯ ದಾರಿ ಹಿಡಿದಳು.

ಚನಮಲ್ಲನ ಎದೆಯಲ್ಲಿ ಆರಿತೆಂದುಕೊಂಡದ್ದು ಮತ್ತೆ ಹೊತ್ತಿಕೊಂಡಿತು. ಬುಟ್ಟಿ ನೆಲಕ್ಕೆ ಒಗೆದ. ಒಳಗಿನ ಹರಳು ಚೆಲ್ಲಾಪಿಲ್ಲಿಯಾದವು.

"ಮುಂದಿನ ವರ್ಷ ಮತ್ತ ಯಾರರ ಕೇಳಾಕ ಬರ್ತಾರ್ರಿ. ಆವಾಗೂ ನಾ ಇಲ್ಲೇ ಹೂಳು ಹೊತ್ಕೊಂಡು ತಿರಗಬೇಕೇನು? ನಮ್ಮವ್ವಗ ಏನು ಹೇಳ್ಲಿ? ಜಿಲ್ಲಾದ ಹೊಲಾ ಎಲ್ಲಾ ನೋಡ್ತೀನಂತ ಕಣ್ಣು ಕೆಡಿಸ್ಕೊಂಡು ಓದೀನ್ರಿ ನಾನು! ಇಷ್ಟೆಲ್ಲಾ ಓದಿದ್ದು ಈ ಒಂದು ಮೂಲಿಗೇನ್ರಿ ಅಜ್ಜಾರ?"

ಅಜ್ಜಾರು ಬದುವಿನಿಂದ ಎದ್ದರು. ಬಾಗಿ ಬುಟ್ಟಿ ಎತ್ತಿ ಅವನ ಕೈಗೆ ಕೊಟ್ಟರು. ಅವರ ದನಿಯಲ್ಲಿ ಬೆಳಗಿನ ಕಾವು ಇನ್ನೂ ಇತ್ತು.

"ನೀ ಓದೀದಿ ಅನ್ನೂದು ಈ ಮಣ್ಣಿಗೆ ಇನ್ನೂ ತಿಳಿದಿಲ್ಲ. ಹೋಗು, ತಿಳಿಸು."