ನೆರಳಗಿಯ ಹೆಂಟೆಪ್ಪನ ದಿಬ್ಬ

ಭೀಮಾ ನದಿಯ ಬಯಲಿನಲ್ಲಿ ನೆರಳಗಿ ಎಂಬ ಊರಿದೆ. ಬಸ್ಸಿಳಿದು ಬಡಗಣಕ್ಕೆ ಮುಖ ಮಾಡಿ ನಿಂತರೆ ಜೋಳದ ಹೊಲಗಳ ಆಚೆ ಮರಳು ತುಂಬಿದ ಒಂದು ಬಯಲೂ, ಆ ಬಯಲಿನ ನಟ್ಟನಡುವೆ ಎರಡಾಳೆತ್ತರದ ಒಂಟಿ ದಿಬ್ಬವೂ ಕಾಣುತ್ತವೆ. ಅದಕ್ಕೆ ಹೆಂಟೆಪ್ಪನ ದಿಬ್ಬ ಎಂದು ಹೆಸರು. ಹೊಸಬರು ಹೆಂಟೆಪ್ಪ ಯಾವುದೋ ದೇವರಿರಬೇಕೆಂದು ಚಪ್ಪಲಿ ಬಿಟ್ಟು ಹತ್ತುತ್ತಾರೆ. ಗುಡಿಯಿಲ್ಲ, ಲಿಂಗವಿಲ್ಲ, ಗೋರಿಯೂ ಇಲ್ಲದ್ದನ್ನು ಕಂಡು ಪೆಚ್ಚಾಗಿ ಇಳಿಯುತ್ತಾರೆ. ನೆರಳಗಿಯ ಹಿರಿಯರಿಗೆ ಇದೊಂದು ಪುಕ್ಕಟೆ ಮೋಜು. ಊರ ಬಾಗಿಲಾದ ಅಗಸಿಯ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ನೋಡಿ, ಬಂದವರನ್ನು ಕರೆದು ನೀರು ಕೊಟ್ಟು, ಆಮೇಲೆ ನಿಜ ಹೇಳುತ್ತಾರೆ. ಹೆಂಟೆಯೆಂದರೆ ನೇಗಿಲಿನ ಬಾಯಿಗೆ ಸಿಕ್ಕು ಏಳುವ ಮಣ್ಣಿನ ಗಡ್ಡೆ. ಅಂಥದೊಂದು ಗಡ್ಡೆಯನ್ನು ತಲೆಯ ಮೇಲೆ ಹೊತ್ತು ನಡೆದ ಮನುಷ್ಯನೇ ಹೆಂಟೆಪ್ಪ. ಅವನ ನಿಜವಾದ ಹೆಸರು ಮರ್ಜಾನ. ಅವನು ಹಬಶಿ.

ಹಿಂದೆ ಒಮ್ಮೆ ಈ ನದಿಯ ಎರಡು ದಂಡೆಗಳಿಗೆ ಇಬ್ಬರು ಸುಲ್ತಾನರಿದ್ದರು ಎನ್ನುತ್ತಾರೆ. ಹೊಳೆ ಎಲ್ಲಿ ಹೆಚ್ಚು ಆಳವಾಗಿ ಹರಿಯುತ್ತದೆಯೋ ಅದೇ ಗಡಿ ಎಂದು ಅವರ ಅಜ್ಜಂದಿರು ಮಾಡಿಕೊಂಡ ಒಪ್ಪಂದ. ತೆಂಕಣ ದಂಡೆಯಲ್ಲಿ ನೆರಳಗಿ. ಊರಿಗೂ ಬಡಗಣ ದಂಡೆಗೂ ನಡುವೆ, ಹೊಳೆಯ ಮಧ್ಯದಲ್ಲಿ, ಒಂದು ನಡುಗಡ್ಡೆ. ಅಲ್ಲಿ ಅಂಬಿಗರ ದುಂಡವ್ವನ ಗುಡಿಸಲು. ಆಕೆ ಸಾಕಿದ ಮಗನೇ ಮರ್ಜಾನ. ಅವನ ಹೆತ್ತ ತಾಯಿ ಸುಂಬುಲಳನ್ನು ಸಮುದ್ರದಾಚೆಯ ಹಬಶ ದೇಶದಿಂದ ಹಿಡಿದು ತಂದು ಯಾವುದೋ ಕೋಟೆಯ ಕಿಲ್ಲೇದಾರನಿಗೆ ಮಾರಿದ್ದರು. ಅವನು ಸತ್ತ ಗದ್ದಲದಲ್ಲಿ ಆಕೆ ಓಡಿಬಂದು ನೆರಳಗಿ ಸೇರಿದಳು, ಮೂರೇ ವರ್ಷಕ್ಕೆ ಜ್ವರ ಬಂದು ತೀರಿಕೊಂಡಳು. ಮರ್ಜಾನನ ಬಣ್ಣ ಎರೆಹೊಲಕ್ಕಿಂತ ಕಪ್ಪು, ಕೂದಲು ಸುರುಳಿ ಸುರುಳಿ. ಬಾಯಿ ತೆರೆದರೆ ಮಾತ್ರ ಅಂಬಿಗರ ಕೇರಿಯ ಅಪ್ಪಟ ಕನ್ನಡ, ಅದೂ ಕೊಂಕು ಸೇರಿಸಿ. ಗುರುವಾರ ದರ್ಗಾಕ್ಕೆ ಸಕ್ಕರೆ ಒಯ್ಯುತ್ತಿದ್ದ, ಹೊಸನೀರು ಬಂದಾಗ ದುಂಡವ್ವನ ಹಿಂದೆ ನಿಂತು ಹೊಳೆಗೆ ಉಡಿ ತುಂಬುತ್ತಿದ್ದ. ಇದರಲ್ಲಿ ವಿಚಿತ್ರವೇನಿದೆಯೆಂದು ಅವನಿಗಾಗಲಿ ಊರಿಗಾಗಲಿ ಎಂದೂ ಅನ್ನಿಸಿರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ನೆರಳಗಿಯಲ್ಲಿ ಮಾತ್ರ ನಡೆಯುತ್ತಿರಲಿಲ್ಲ. ದಾಟಿದ ಮೇಲೂ ಜನ ಅವನ ಹರಿಗೋಲಿನಲ್ಲೇ ಕುಳಿತು ಹರಟುತ್ತಿದ್ದರು.

ಒಂದು ವರ್ಷದ ಮಳೆಗಾಲದಲ್ಲಿ ಹೊಳೆಗೆ ಏನು ಹುಚ್ಚು ಹಿಡಿಯಿತೋ, ಮೂರು ದಿನ ಉಕ್ಕಿ, ನಾಲ್ಕನೆಯ ದಿನ ನೆರಳಗಿಯನ್ನು ಬಳಸಿ ಊರಿನ ತೆಂಕಣಕ್ಕೆ ಹೊಸ ಹಾದಿ ಕೊರೆದುಕೊಂಡು ಹೊರಟುಹೋಯಿತು. ಹಳೆಯ ಪಾತ್ರದಲ್ಲಿ ಮರಳು ತುಂಬಿ ಆಳ ಯಾವುದು, ತೆಳು ಯಾವುದು ಎಂದು ಗುರುತು ಸಿಗದಂತಾಯಿತು. ನಡುಗಡ್ಡೆ ಬಯಲಿನಲ್ಲೊಂದು ಸಣ್ಣ ಉಬ್ಬಾಗಿ ಉಳಿಯಿತು. ದುಂಡವ್ವ ಅದೇ ಜಾಗದಲ್ಲಿ ಮತ್ತೆ ಗುಡಿಸಲು ಹಾಕಿ ಒಲೆ ಹೂಡಿದಳು. ಒಬ್ಬರೂ ಒಂದು ಹೆಜ್ಜೆ ಕದಲದೆ, ನೆರಳಗಿಯ ಜನ ಹೊಳೆಯ ಆಚೆ ಹೋಗಿಬಿಟ್ಟಿದ್ದರು! ಬಡಗಣ ಸುಲ್ತಾನನ ಕಡೆಯ ಅಮಲುದಾರ ಆಗಾ ಬೆಹರಾಮ ಐವತ್ತು ಕುದುರೆಯೊಂದಿಗೆ ಬಂದು, ಹೊಳೆಯೇ ಗಡಿಯಾದ್ದರಿಂದ ಈ ಊರು ಇನ್ನು ತಮ್ಮದು ಎಂದ. ತೆಂಕಣ ಸುಲ್ತಾನನ ದೇಸಾಯಿ ಬಂದು, ಹಳೆಯ ಪಾತ್ರವೇ ಗಡಿ ಎಂದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಎಲ್ಲರಿಗಿಂತ ಹೆಚ್ಚಿನ ಸಂಕಟ ಮರ್ಜಾನನದು. ಆಚೆಯ ಬಡಗಣ ಸೀಮೆಯಲ್ಲಿ ಒಂದು ಕಟ್ಟಳೆಯಿತ್ತು: ಹಬಶಿ ಮುಖದವನು ಯಾವನೇ ಇರಲಿ, ಎಲ್ಲೇ ಬೆಳೆದಿರಲಿ, ಕೋಟೆಯ ಗುಲಾಮ. ಊರು ಆಚೆಯದಾದರೆ ಉಳಿದವರಿಗೆ ಸುಲ್ತಾನ ಬದಲಾಗುತ್ತಾನೆ, ಮರ್ಜಾನನಿಗೆ ಬದುಕೇ ಬದಲಾಗುತ್ತದೆ.

ಕೊನೆಗೆ ಎರಡು ಕಡೆಯವರೂ ನಾಡಿನ ಹಳೆಯ ಪದ್ಧತಿಗೆ ಒಪ್ಪಿದರು. ಗಡಿಯ ತಂಟೆ ಬಂದಾಗ ಊರಿನವನೊಬ್ಬ ಮಿಂದು, ಊರ ಮಣ್ಣಿನ ಹೆಂಟೆಯನ್ನು ತಲೆಯ ಮೇಲೆ ಹೊತ್ತು ಸೀಮೆ ನಡೆಯಬೇಕು. ಅವನು ನಡೆದದ್ದೇ ಗಡಿ. ಈ ಸಲ ಹಳೆಯ ಹೊಳೆಯ ಆಳ ಹಿಡಿದು ನಡೆದರೆ ಅದೇ ಗಡಿ, ಆ ಆಳದ ಗುರುತು ಸಿಗದಿದ್ದರೆ ಹೊಸ ಹೊಳೆಯೇ ಗಡಿ. ಹೆಂಟೆ ಹೊತ್ತು ಸುಳ್ಳು ನಡೆದವನ ಊರು ನಲವತ್ತು ದಿನದಲ್ಲಿ ಹಾಳು ಬೀಳುತ್ತದೆಂದು ಇಬ್ಬರು ಸುಲ್ತಾನರ ಪ್ರಜೆಗಳೂ ನಂಬಿದ್ದರು. ಕರಾರುಗಳು ಮೂರು. ನಡೆಯುವವನ ಹೊಕ್ಕುಳ ಬಳ್ಳಿ ಅದೇ ಊರಿನ ಮಣ್ಣಿನಲ್ಲಿ ಹೂತಿರಬೇಕು. ಯಾರ ಒಲೆ ಯಾವ ಸುಲ್ತಾನನ ನೆಲದ ಮೇಲಿದೆಯೋ ಅವರು ಆ ಸುಲ್ತಾನನ ಪ್ರಜೆ. ಹೆಂಟೆ ತಲೆಗೇರಿದ ಗಳಿಗೆಯಿಂದ ಹೊತ್ತು ಮುಳುಗಿ ಮುದ್ರೆ ಬೀಳುವವರೆಗೆ ಯಾರೂ ತಮ್ಮ ಒಲೆಗುಂಡು ಕದಲಿಸಕೂಡದು.

ಮುಂಜಾನೆ ಅಗಸಿಯ ಮುಂದೆ ಜನವೋ ಜನ. ನೀರಿನ ಆಳ ಬಲ್ಲವನು ಹೊಳೆಯಲ್ಲಿ ಗಳ ಹಾಕಿದವನೊಬ್ಬನೇ ಎಂದು ಊರ ಹಿರಿಯ ಸಿದಗೊಂಡ ಗೌಡ ಮರ್ಜಾನನ ಹೆಸರು ಹೇಳಿದ. ಆಗಾ ಬೆಹರಾಮ ಕುದುರೆಯ ಮೇಲಿಂದಲೇ ನಕ್ಕ. ಹತ್ತು ವರ್ಷದಲ್ಲಿ ಕಲಿತ ಗ್ರಾಂಥಿಕ ಕನ್ನಡದಲ್ಲಿ, “ಇವನು ಈ ಮಣ್ಣಿನವನೆ? ಇವನ ಮುಖ ನೋಡಿದಿರಾ ಗೌಡರೆ?” ಎಂದ. ಮರ್ಜಾನನಿಗೆ ಮೈ ಉರಿದುಹೋಯಿತು. ಅವನ ಮುಖವನ್ನು ಮೂವತ್ತು ವರ್ಷ ದಿನಾಲೂ ನೋಡಿದ ಜನ ಈಗ ಹೊಸದಾಗಿ ತಿರುಗಿ ನೋಡುತ್ತಿದ್ದರು. ಅದು ಅವನಿಗೆ ಆಗಾನ ನಗುವಿಗಿಂತ ಹೆಚ್ಚು ಚುಚ್ಚಿತು.

“ಸರಕಾರ, ತಾವು ಯಾವ ಊರವರ್ರಿ?” ಎಂದು ಕೇಳಿದ.

“ಸಮುದ್ರದಾಚೆಯ ಶಿರಾಜ್,” ಎಂದ ಆಗಾ, ಮೀಸೆಯ ಮೇಲೆ ಕೈಯಾಡಿಸಿ.

“ಅಲ್ಲಿ ಬಾದಶಹನ ಚಾಕರಿ ಮಾಡ್ತೀರೇನ್ರಿ?”

“ಇಲ್ಲ. ಇಲ್ಲಿಯ ಸುಲ್ತಾನರ ಉಪ್ಪು ತಿನ್ನುತ್ತೇನೆ.”

“ಹಂಗಾರ ಮಾರಿ ಒಂದ ಕಡೆ, ಉಪ್ಪು ಒಂದ ಕಡೆ ಇರಬಹುದಲ್ರಿ. ನನ್ನ ಮಾರಿ ಹಬಶಿಯದು ಖರೆ. ಮಾತು ಅಂಬಿಗರದು. ಸುಲ್ತಾನ ಯಾರು ಅಂತ ನನ್ನ ಕೇಳಬ್ಯಾಡ್ರಿ, ಹೊಳೀನ್ನ ಕೇಳ್ರಿ.”

ಅಗಸಿ ಹಾರಿಹೋಗುವಂತೆ ಜನ ನಕ್ಕರು. ಆಗಾ ನಗಲಿಲ್ಲ, ಆದರೆ ಕುದುರೆಯಿಂದ ಇಳಿದ. “ಮಾತು ನೀನು ಬಲ್ಲೆ, ಸರಿ. ನಿನ್ನ ಹೊಕ್ಕುಳ ಬಳ್ಳಿ ಎಲ್ಲಿದೆ?” ಇಲ್ಲೇ ಹುಟ್ಟಿದವನು ನಾನು, ಇಲ್ಲೇ ಇದೆ ಎಂದು ಮರ್ಜಾನ ಎದೆ ಸೆಟೆಸಿ ಹೇಳಿದ. ಅವನು ಹಾಗೆಂದೇ ನಂಬಿದ್ದ. ಅಷ್ಟರಲ್ಲಿ ಜನರನ್ನು ತಳ್ಳಿಕೊಂಡು ದುಂಡವ್ವ ಮುಂದೆ ಬಂದಳು. “ಹೆಂಟಿ ಹೊರೂ ಮುಂದ ಸುಳ್ಳ ಆಗಬಾರದು. ನೀ ಇಲ್ಲಿ ಹುಟ್ಟಿಲ್ಲೋ ಮಗನ. ನಿಮ್ಮವ್ವ ನಿನ್ನ ಬಗಲಾಗ ಕಟಗೊಂಡು ಬಂದಾಗ ನಿನಗ ಆರು ತಿಂಗಳು.”

ಆಗಾನ ಕಡೆಯವರು ಹೋ ಎಂದು ಕೂಗಿದರು. ದುಂಡವ್ವ ಮಾತ್ರ ನಿಲ್ಲಿಸಲಿಲ್ಲ. “ಇನ್ನೂ ಮುಗಿದಿಲ್ಲ, ಕೇಳ್ರಿ. ಕಿಲ್ಲೇದ ಮಣ್ಣಾಗ ಮಗನ ಬಳ್ಳಿ ಹೂಳೂದಿಲ್ಲ ಅಂತ ಆಕಿ ಅದನ್ನ ಒಣಗಿಸಿ ತಾಯಿತದಾಗ ಹಾಕ್ಕೊಂಡು ತಿರಗ್ಯಾಳ. ಇಲ್ಲಿ ಬಂದು, ನೀರು ಕುಡದು, ‘ಈ ಊರಾಗ ಬಳ್ಳಿ ಎಲ್ಲಿ ಹೂಳತೀರಿ’ ಅಂತ ಕೈಸನ್ನಿ ಮಾಡಿ ಕೇಳಿದಳು. ನಾನಽ ತೋರಿಸೀನಿ. ಈ ಬೇವಿನ ಬುಡದಾಗ, ಅಗಸಿ ಮುಂದ.”

ಗುದ್ದಲಿ ತಂದು ಅಗೆದರು. ಮೊಳದಾಳದಲ್ಲಿ ಹಸಿರುಗಟ್ಟಿದ ತಾಮ್ರದ ತಾಯಿತವೊಂದು ಸಿಕ್ಕಿತು. ಅದರ ಮೇಲೆ ಕೊರೆದಿದ್ದ ಅಕ್ಷರಗಳನ್ನು ಊರ ಕುಲಕರ್ಣಿಗೂ ಓದಲಾಗಲಿಲ್ಲ, ಶಿರಾಜಿನ ಆಗಾನಿಗೂ ಆಗಲಿಲ್ಲ. ಉಳಿದವರ ಬಳ್ಳಿಯನ್ನು ಸೂಲಗಿತ್ತಿ ಹುಟ್ಟಿದಲ್ಲೇ ಹೂಳಿ ಕೈತೊಳೆದುಕೊಂಡಿದ್ದಳು. ಇವನೊಬ್ಬನಿಗಾಗಿ ತಾಯಿಯೊಬ್ಬಳು ಊರೂರು ಅಲೆದು ಮಣ್ಣು ಆರಿಸಿದ್ದಳು. ಮರ್ಜಾನ ನೆಲಕ್ಕೆ ಕುಳಿತು ಚಿಕ್ಕ ಮಗುವಿನಂತೆ ಅತ್ತುಬಿಟ್ಟ. ಆಗಾ ತಾಯಿತವನ್ನು ತಾನೇ ಕುಳಿಯಲ್ಲಿಟ್ಟು, “ನಡೆಯಲಿ,” ಎಂದ. ಅದೇ ಕುಳಿಯಿಂದ ತೆಗೆದ ಕರಿ ಹೆಂಟೆ ಮರ್ಜಾನನ ತಲೆಗೇರಿತು.

ತಮಟೆಯಂಥ ಹಲಗೆಯ ಬಡಿತ ಶುರುವಾಯಿತು. ಹಳೆಯ ಪಾತ್ರದ ಪಡುವಣ ತುದಿಯಿಂದ ಅವನು ಮೂಡಣಕ್ಕೆ ಹೊರಟ. ಹಿಂದೆ ಎರಡು ಸೀಮೆಯ ಜನ ನಡೆದರು. ಎಲ್ಲರ ಕಣ್ಣಿಗೆ ಬರೀ ಮರಳು. ಅವನ ಪಾದಕ್ಕೆ ಇನ್ನೂ ಹೊಳೆ. ಇಲ್ಲಿ ಗಳ ಎರಡಾಳು ಮುಳುಗುತ್ತಿತ್ತು, ಇಲ್ಲಿ ಸುಳಿ ಹರಿಗೋಲನ್ನು ಎಡಕ್ಕೆ ಎಳೆಯುತ್ತಿತ್ತು ಎಂದು ಅಂಗಾಲೇ ಹೇಳುತ್ತಿತ್ತು. ಎರಡು ಕಡೆ ಆಗಾ ಅಗೆಸಿ ನೋಡಿದ. ಎರಡು ಕಡೆಯೂ ಮರಳಿನಡಿ ಆಳದ ಹೊಳೆಯಲ್ಲಷ್ಟೇ ಇರುವ ನುಣುಪುಗಲ್ಲುಗಳು ಸಿಕ್ಕವು. ನೆರಳಗಿಯವರು ಕೇಕೆ ಹಾಕಿದರು. ಊರು ಉಳಿಯಿತೆಂಬುದು ಆಗಲೇ ಖಾತ್ರಿಯಾಗಿತ್ತು.

ಆಗ ಎದುರಿಗೆ ನಡುಗಡ್ಡೆ ಬಂತು. ಎಡಕ್ಕೆ ಹೋದರೆ ದುಂಡವ್ವನ ಗುಡಿಸಲು ನೆರಳಗಿಯ ಕಡೆ ಉಳಿಯುತ್ತದೆ. ಬಲಕ್ಕೆ ಹೋದರೆ ಅದು ಬಡಗಣ ಸುಲ್ತಾನನ ನೆಲ. ಅಂಬಿಗರ ಗುಡಿಸಲು ಊರಿನದೇ ಎಂದು ಎಲ್ಲರೂ ತಿಳಿದಿದ್ದರು. ಆದರೆ ಹೊಳೆಯ ಆಳ ಬಲಕ್ಕಿತ್ತು. ಅದು ಲೋಕದಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಮರ್ಜಾನ ನಿಂತ. ಎಡಕ್ಕೆ ತಿರುಗಿದರೆ ಕೇಳುವವರು ಯಾರು? ಬೆವರಿಗೆ ಹೆಂಟೆ ಕರಗಿ ಕರಿ ನೀರು ಹಣೆಯ ಮೇಲೆ ಇಳಿಯಿತು. ನನ್ನ ಒಲೆಗೋಸ್ಕರ ಇಲ್ಲಿ ಒಂದು ಹೆಜ್ಜೆ ಸುಳ್ಳಿಟ್ಟರೆ ಹಿಂದೆ ಇಟ್ಟ ಸಾವಿರ ಹೆಜ್ಜೆಯೂ ಸುಳ್ಳಾಗುತ್ತದೆ, ಹೆತ್ತ ಅವ್ವ ಆರಿಸಿದ ಊರನ್ನು ನಾನೇ ಹಾಳುಗೆಡವಿದಂತಾಗುತ್ತದೆ ಎಂದು ಅವನಿಗೆ ಅನ್ನಿಸಿತು. ಕಣ್ಣು ಮುಚ್ಚಿ ಬಲಕ್ಕೆ ತಿರುಗಿದ. ಹಲಗೆ ಬಡಿಯುವವನ ಕೈ ನಿಂತುಹೋಯಿತು. ಗೌಡ ತಡೆಯಲಾರದೆ, “ಲೇ ಮರ್ಜಾನ್ಯಾ, ಆ ಕಡೆ ಅಲ್ಲೋ!” ಎಂದು ಕೂಗಿದ. ಮರ್ಜಾನ ತಿರುಗಿ ನೋಡಲಿಲ್ಲ.

ಮಧ್ಯಾಹ್ನ ನಡಿಗೆ ಮುಗಿಯಿತು. ಆಗಾ ಬೆಹರಾಮ ಅವನ ಮುಖವನ್ನೇ ನೋಡಿ, “ನಿನ್ನಂಥ ಮನುಷ್ಯನನ್ನು ನಾನು ಕಂಡಿಲ್ಲ. ಆದರೂ ಕಟ್ಟಳೆ ಕಟ್ಟಳೆಯೇ. ಹೊತ್ತು ಮುಳುಗಿದ ಮೇಲೆ ನೀನು ಕೋಟೆಯವನು,” ಎಂದು ಡೇರೆಗೆ ಹೋದ. ಊರು ಉಳಿದ ಸಂತೋಷ ಯಾರ ಮುಖದಲ್ಲೂ ಇರಲಿಲ್ಲ. ಮರ್ಜಾನ ತಲೆಯ ಮೇಲಿನ ಹೆಂಟೆಯನ್ನು ಇಳಿಸಿ, ಎಲ್ಲಿಡಬೇಕೆಂದು ತಿಳಿಯದೆ ಎದೆಗೊತ್ತಿಕೊಂಡು ಗುಡಿಸಲಿಗೆ ಬಂದ. ದುಂಡವ್ವ ಒಲೆಯ ಮುಂದೆ ಕುಳಿತಿದ್ದಳು. ಒಲೆಗುಂಡಿನ ಪಕ್ಕದಲ್ಲಿ ಆಗಾನ ಇಬ್ಬರು ಸಿಪಾಯಿಗಳ ಕಾವಲು. ಮುದುಕಿ ಮಗನನ್ನು ನೋಡಿದಳು, ಹೆಂಟೆಯನ್ನು ನೋಡಿದಳು, ಒಲೆಯನ್ನು ನೋಡಿದಳು.

“ಆ ಹೆಂಟಿ ಕೊಡು ಇಲ್ಲಿ,” ಎಂದವಳೇ ಅದನ್ನು ಬೋಗುಣಿಯಲ್ಲಿ ಪುಡಿಮಾಡಿ, ನೀರು ಹೊಯ್ದು ಕಲಸಿ, ಒಲೆಗೆ ಮೆತ್ತಲು ಶುರುಮಾಡಿದಳು. ಸಿಪಾಯಿಗಳು ಗದರಿದರು. ದುಂಡವ್ವ ಕೆಸರು ಕೈಯನ್ನೇ ಅವರ ಮೂಗಿನ ಮುಂದೆ ಆಡಿಸಿದಳು. “ಒಲಿ ಕದಲಸಬ್ಯಾಡ ಅಂದೀರಿ, ಕದಲಸಿಲ್ಲ. ದಿನಾ ಒಲಿ ಸಾರಸೂದಕ್ಕ ನಿಮ್ಮ ಸುಲ್ತಾನನ ಅಪ್ಪಣಿ ಬೇಕೇನೋ? ನಿಮ್ಮನ್ಯಾಗ ಹೆಣ್ಣಮಕ್ಕಳಿಲ್ಲೇನು?” ಸಿಪಾಯಿಗಳಿಗೂ ಮನೆಯಲ್ಲಿ ಹೆಣ್ಣುಮಕ್ಕಳಿದ್ದರು. ಪಕ್ಕಕ್ಕೆ ಸರಿದು ನಿಂತರು.

ನೋಡುತ್ತಿದ್ದ ಗೌಡನ ಹೆಂಡತಿಗೆ ಥಟ್ಟನೆ ಹೊಳೆಯಿತು. ಆಕೆ ಸೀರೆ ಎತ್ತಿಕಟ್ಟಿ ಊರಿನ ಕಡೆ ಓಡಿದಳು. ಆಮೇಲೆ ನಡೆದದ್ದನ್ನು ಹೇಳುವಾಗ ನೆರಳಗಿಯ ಮುದುಕರು ಇವತ್ತಿಗೂ ಕುಳಿತಲ್ಲಿಂದ ಎದ್ದು ನಿಲ್ಲುತ್ತಾರೆ. ಅಂಗಳದ ಮಣ್ಣು, ಹಿತ್ತಲ ಮಣ್ಣು, ಎರೆಹೊಲದ ಮಣ್ಣು, ಕುಂಬಾರರ ತಿಗರಿಯ ಮಣ್ಣು, ದರ್ಗಾದ ಮುಂದಿನ ಮಣ್ಣು, ಹನುಮಪ್ಪನ ಕಟ್ಟೆಯ ಮಣ್ಣು ಬುಟ್ಟಿ ಬುಟ್ಟಿಯಾಗಿ ಬಂದವು. ಒಬ್ಬರ ಮನೆಯ ನೀರು ಒಬ್ಬರು ಮುಟ್ಟದ ಕೇರಿಗಳವರು ಒಂದೇ ಸಾಲಿನಲ್ಲಿ ನಿಂತು ಬುಟ್ಟಿ ದಾಟಿಸಿದರು. ಒಲೆಗುಂಡು ಕೂದಲೆಳೆಯಷ್ಟೂ ಅಲುಗಲಿಲ್ಲ. ಮೆತ್ತಿದ ಮೇಲೆ ಮೆತ್ತಿ, ಗುಡಿಸಲಿನ ಚಾವಣಿ ಕಿತ್ತು ಸುರಿದ ಮೇಲೆ ಸುರಿದು, ಗುಂಡು ಅಡಿಯಲ್ಲೇ ಉಳಿದು ಒಲೆಯೇ ಮೇಲೇರಿತು. ಮರ್ಜಾನ ಬುಟ್ಟಿ ಹೊರಲು ಬಂದರೆ ಹೆಂಗಸರು ಬೈದು ಕೂರಿಸಿದರು. ಮುಂಜಾನೆ ತನ್ನ ಮುಖವನ್ನು ಹೊಸದಾಗಿ ನೋಡಿದ್ದ ಜನ ಇವರೇ ಎಂಬುದನ್ನು ಅವನು ಮರೆತುಬಿಟ್ಟ.

ಹೊತ್ತು ಇಳಿಯುವಾಗ ಆಗಾ ಬೆಹರಾಮ ಮುದ್ರೆ ಹಿಡಿದು ಬಂದ. ನಡುಗಡ್ಡೆಯ ಜಾಗದಲ್ಲಿ ಆಳೆತ್ತರದ ದಿಬ್ಬ. ನೆತ್ತಿಯಲ್ಲಿ ಒಲೆ ಉರಿಯುತ್ತಿತ್ತು, ದುಂಡವ್ವ ರೊಟ್ಟಿ ಬಡಿಯುತ್ತಿದ್ದಳು. “ಗಡಿಯನ್ನು ಸರಿಸಿದಿರಾ?” ಎಂದು ಆಗಾ ಗುಡುಗಿದ. ಸಿದಗೊಂಡ ಗೌಡ ಮಣ್ಣು ಮೆತ್ತಿದ ಕೈಗಳನ್ನು ಜೋಡಿಸಿದ. “ಇಲ್ಲ ಸರಕಾರ. ಗಡಿ ಅವ ನಡದಲ್ಲೇ ಐತಿ. ನಾವು ಊರನ್ನಽ ಚೂರು ಹೊತ್ತ ತಂದೀವಿ.”

ಆಗಾ ಒಮ್ಮೆ ಒಲೆಯನ್ನು, ಒಮ್ಮೆ ಮಣ್ಣು ಬಡಿದ ಆ ಜನರನ್ನು ನೋಡಿದ. ದೂರದ ಶಿರಾಜಿನಲ್ಲಿ ತನಗೋಸ್ಕರ ಒಂದು ಬುಟ್ಟಿ ಮಣ್ಣು ಹೊರುವವರು ಈಗ ಯಾರೂ ಉಳಿದಿಲ್ಲವೆಂದು ಆತ ಮೆಲ್ಲಗೆ ಹೇಳಿದ್ದನ್ನು ಮರ್ಜಾನ ಕೇಳಿಸಿಕೊಂಡನಂತೆ. ಆಮೇಲೆ ಗಟ್ಟಿಯಾಗಿ ಹೇಳಿ ಕುಲಕರ್ಣಿಯಿಂದ ಬರೆಯಿಸಿದ: “ಒಲೆ ನಮ್ಮ ಗಡಿಯೊಳಗಿದೆ, ಆದರೆ ನಮ್ಮ ನೆಲದ ಮೇಲಿಲ್ಲ. ಒಲೆಯವನು ನೆರಳಗಿಯವನು.” ಮುದ್ರೆ ಬಿತ್ತು. ದುಂಡವ್ವ ಮೊದಲ ರೊಟ್ಟಿಯನ್ನು ಆಗಾನ ಕೈಗೇ ಕೊಟ್ಟಳು ಎನ್ನುತ್ತಾರೆ. ಮರ್ಜಾನ ಮುದುಕನಾಗುವವರೆಗೆ ಹೊಸ ಹೊಳೆಯಲ್ಲಿ ಹರಿಗೋಲು ನಡೆಸಿದ, ಮರಾಠಿ ಮಾತಾಡುವ ಆಚೆ ದಂಡೆಯವಳನ್ನು ಲಗ್ನವಾದ, ಮನೆತುಂಬ ಮಕ್ಕಳನ್ನು ಪಡೆದ.

ಆ ಸುಲ್ತಾನರು ಹೋಗಿ ಎಷ್ಟೋ ಕಾಲವಾಯಿತು. ಅವರ ಗಡಿ ಎಲ್ಲಿತ್ತೆಂದು ಈಗ ಯಾರಿಗೂ ಬೇಕಿಲ್ಲ. ಮಳೆಗೆ ದಿಬ್ಬದ ಒಂದು ಮಗ್ಗುಲು ಕುಸಿದಿದೆ. ಅಲ್ಲಿ ನಿಂತು ನೋಡಿದರೆ ಕರಿದು, ಕೆಂಪು, ಬೂದಿ ಬಣ್ಣದ್ದು ಎಂದು ಪದರು ಪದರಾಗಿ ಮಣ್ಣು ಕಾಣುತ್ತದೆ. ಮೇಲಿನ ಪದರು ಹಳೆಯದಲ್ಲ. ನೆರಳಗಿಗೆ ಸೊಸೆಯಾಗಿ ಬಂದವಳು, ಬದಲಿಯಾಗಿ ಬಂದ ಶಾಲೆಯ ಮಾಸ್ತರು, ಇಟ್ಟಿಗೆ ಭಟ್ಟಿಗೆಂದು ಒಡಿಶಾದಿಂದ ಬಂದು ಇಲ್ಲೇ ಉಳಿದ ಸಂಸಾರ, ಎಲ್ಲರೂ ತಮ್ಮ ಊರಿನ ಒಂದು ಹೆಂಟೆ ತಂದು ಆ ದಿಬ್ಬಕ್ಕೆ ಹಾಕಿದ್ದಾರೆ. ಕೆಲವು ಇನ್ನೂ ಕರಗದೆ ಉಂಡೆಯುಂಡೆಯಾಗಿ ಬಿದ್ದಿವೆ. ಹೆಂಟೆ ಹಾಕುವವರೆಗೆ ಊರವರು ಬಂದವರನ್ನು ಯಾವ ಊರು, ಯಾವ ಮಂದಿ ಎಂದು ಕೆದಕಿ ಕೆದಕಿ ಕೇಳುತ್ತಾರೆ. ಹಾಕಿದ ಮೇಲೆ, ಊಟ ಆಯಿತೇ ಎಂದಷ್ಟೇ ಕೇಳುತ್ತಾರೆ.