ಯಾರೂ ಕಾಲಿಡದ ಜಾಗ

ಗುಮಾಸ್ತ ಫಕೀರಪ್ಪನ ಬುದ್ಧಿ ತೂಗುವ ತಕ್ಕಡಿ ಈ ಜಿಲ್ಲೆಯಲ್ಲೇ ಇಲ್ಲ ನೋಡಿ. ಅವನು ಕೆಲಸಕ್ಕಿದ್ದ ಅನಾಥ ಮಕ್ಕಳ ಟ್ರಸ್ಟಿಗೆ ದಾನಿಗಳು ಷರತ್ತು ಹಾಕಿದರು: ವರ್ಷದ ಖರ್ಚನ್ನೆಲ್ಲ ಬರೆದು ಗೋಡೆಗೆ ಹಚ್ಚಬೇಕು.

ಅಧ್ಯಕ್ಷ ರುದ್ರಗೌಡರು ಮೀಸೆ ತಿರುವಿದರು. "ಹಚ್ಚೋ ತಮ್ಮಾ. ಆದ್ರ ದೊಡ್ಡವರು ಯಾರೂ ಕಾಲಿಡದ ಜಾಗದಾಗ ಹಚ್ಚು. ಇಲ್ಲಾಂದ್ರ ನಾಳಿಂದ ಬರಬ್ಯಾಡ."

"ಅಂಥಾ ಜಾಗ ಒಂದ ಐತ್ರಿ ಗೌಡ್ರ," ಎಂದ ಫಕೀರಪ್ಪ, ಬಲು ವಿನಯದಿಂದ.

ದಾನಿಗಳು ಬಂದು ಲೆಕ್ಕ ಎಲ್ಲಿ ಎಂದು ಕೇಳಿದಾಗ ಅವರನ್ನು ಸೀದಾ ಅಡುಗೆಮನೆಗೆ ಕರೆದೊಯ್ದ. ಗೋಡೆಯ ಮೇಲೆ ಮಕ್ಕಳಿಗೆ ತೊಗರಿಬೇಳೆ, ತುಪ್ಪ, ಹಾಲು ತಂದ ಲೆಕ್ಕವಿತ್ತು. ಅದರ ಕೆಳಗೇ ಒಲೆಯ ಮೇಲೆ ನೀರಿನಂಥ ಸಾರು ಕುದಿಯುತ್ತಿತ್ತು.

"ಇಲ್ಲ್ಯಾಕ ಹಚ್ಚಿದಿ?" ಹಿಂದೆಯೇ ಬಂದಿದ್ದ ಗೌಡರು ಕಣ್ಣು ಕೆಕ್ಕರಿಸಿದರು.

"ನೀವ ಹೇಳಿದ್ರಲ್ರೀ. ನಿಮ್ಮ ಕಮಿಟಿಯ ದೊಡ್ಡವರು ಒಮ್ಮೆನೂ ಕಾಲಿಡದ ಜಾಗ ಇದೊಂದ."

ಗೌಡರು ಅಂದೇ ಕುರ್ಚಿ ಬಿಟ್ಟರು. ಫಕೀರಪ್ಪ ಎದೆಯುಬ್ಬಿಸಿದ. ಆದರೆ ಸಿಟ್ಟಿಗೆದ್ದ ದಾನಿಗಳು ತಂದಿದ್ದ ಚೆಕ್ಕನ್ನೂ ಕಿಸೆಗೆ ಸೇರಿಸಿಕೊಂಡು ಹೊರಟುಹೋದರು. ಅಷ್ಟು ದೂರ ಅವನ ಬುದ್ಧಿ ಓಡಿರಲಿಲ್ಲ.

ಸಂಜೆ ಅಡುಗೆಯ ಗಂಗವ್ವ ಅದೇ ಸಾರಿಗೆ ಇನ್ನೊಂದು ಕೊಡ ನೀರು ಸುರಿದಳು. "ನಿನ್ನ ಬುದ್ಧಿ ಭಾಳ ದೊಡ್ಡದಪ್ಪಾ," ಎಂದಳು. "ಬಾ, ಉಣ್ಣಾಕ ಕುಂದರು."

ಫಕೀರಪ್ಪ ಮಕ್ಕಳ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತ.